ಶ್ರಮದ ಗಂಟೆ, ವಿದ್ಯೆಯ ಗಂಟೆ

ಕೈಯಿಂದ ದುಡಿಯುವವನಿಗೂ ವಿದ್ಯೆಯಿಂದ ಜೀವಿಸುವವನಿಗೂ ಸಲ್ಲುವ ವೇತನದಲ್ಲಿ ಅಂತರವೆಷ್ಟಿರಬೇಕೆಂಬ ಪ್ರಶ್ನೆಯು ಹೊಸದಲ್ಲ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ‘ಭೃತ್ಯಭರಣೀಯ’ವೆಂಬ ಪ್ರಕರಣವುಂಟು. ಅದರ ಮೇರೆಗೆ ಮಂತ್ರಿ ಪುರೋಹಿತರಿಗೆ 48,000 ಪಣ, ಆಚಾರ್ಯರಿಗೂ ವಿದ್ಯಾವಂತರಿಗೂ 500ರಿಂದ 1,000 ಪಣ ಪೂಜಾವೇತನ, ಕಾರುಶಿಲ್ಪಿಗಳಿಗೆ 120, ಪರಿಚಾರಕರಿಗೆ 60. ಗುರುವಿನ ಸಂಭಾವನೆಯು ಶಿಲ್ಪಿಯ ವೇತನಕ್ಕೆ ನಾಲ್ಕರಿಂದ ಎಂಟು ಮಡಿಯಾದರೆ, ಮಂತ್ರಿಯದು ನಾನೂರು ಮಡಿ. ಆದುದರಿಂದ ಅಂದಿನ ದೊಡ್ಡ ಕಂದರವು ಶ್ರಮಕ್ಕೂ ಅಧಿಕಾರಕ್ಕೂ ನಡುವೆ ಇದ್ದಿತೆಂದು ತಿಳಿಯಬೇಕು.

ಈ ಪಟ್ಟಿಯಲ್ಲಿ ಗಂಟೆಯ ಮಾತಿಲ್ಲ; ಆ ಲೆಕ್ಕವು ಕಾರ್ಖಾನೆಯೊಡನೆ ಬಂದುದು. ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕನ ವಾರದ ದುಡಿಮೆಗೆ 1922ರಲ್ಲಿ 60 ಗಂಟೆಗಳ ಮಿತಿಯಾಯಿತು; ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ಅದು 1934ರ ಕಾಯಿದೆಯಿಂದ 54ಕ್ಕೆ ಇಳಿಯಿತು. ನಿಜಾಮರ ಆಳಿಕೆಯಲ್ಲಿದ್ದ ನಮ್ಮ ರಾಯಚೂರಿಗೆ ಆ ಕಾಯಿದೆಗಳು ತಾವಾಗಿ ಅನ್ವಯಿಸಲಿಲ್ಲ. ಸ್ವತಂತ್ರ ಭಾರತದ 1948ರ ಕಾಯಿದೆಯು 48 ಗಂಟೆಗಳನ್ನು ನಿಯಮಿಸಿತು. ವಾರದ ಕೂಲಿಯು ಕಾಸೂ ಏರದಿದ್ದರೂ, 60ರಿಂದ 48ಕ್ಕೆ ಇಳಿದಾಗ ಗಂಟೆಯ ದರವು ಕಾಲು ಪಾಲು ಏರಿದಂತಾಗುವುದೆಂಬುದನ್ನು ವಾಚಕರು ಗಮನಿಸಬೇಕು.

ಮೇಲುಕೀಳಿನ ಅಂತರವೂ ತಗ್ಗುತ್ತ ಬಂದಿದೆ. 1947ರಲ್ಲಿ ವರದಾಚಾರಿಯಾರ್ ಆಯೋಗವು ಕೇಂದ್ರ ಸರ್ಕಾರದ ನೌಕರರಿಗೆ ತುಟ್ಟಿಭತ್ಯ ಸೇರಿ ತಿಂಗಳಿಗೆ ಕನಿಷ್ಠ 55 ರೂಪಾಯಿ, ಗರಿಷ್ಠ 2,000 ರೂಪಾಯಿ ಎಂದು ಸೂಚಿಸಿತು. ಏಳನೆಯ ಆಯೋಗದ ಮೇರೆಗೆ 2016ರಿಂದ ಮೂಲವೇತನಗಳು 18,000 ಮತ್ತು 2,50,000 ಆದವು. ಸುಮಾರು 36 ಮಡಿಯಿದ್ದುದು ಸುಮಾರು 14 ಮಡಿಗೆ ಇಳಿಯಿತು. ಗುತ್ತಿಗೆಯ ಕೂಲಿಗಾರನು ಈ ಲೆಕ್ಕದ ಹೊರಗೇ ಉಳಿದನು.

ಹಿರೇಕೊಟ್ನೆಕಲ್ಲಿನಂಥ ಊರಿನ ಹುಡುಗನು ಎಂಜಿನಿಯರನಾಗಲು ಹತ್ತನೆಯ ತರಗತಿಯ ಬಳಿಕ ಆರು ವರ್ಷ ಸಂಪಾದನೆಯಿಲ್ಲದೆ ಓದಬೇಕು. ಆ ಮೌನದ ಗಂಟೆಗಳಿಗೆ ಮುಂದಿನ ವೇತನದಲ್ಲಿ ಪ್ರತಿಫಲವಿರುವುದು ನ್ಯಾಯವೇ. ಆದರೆ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ಇಳಿಯುವವನು ತನ್ನ ಗಂಟೆಯೊಡನೆ ದೇಹವನ್ನೂ ಸವೆಸುತ್ತಾನೆ. ಆ ಸವೆತವನ್ನು ಯಾವ ಹಾಜರಿ ಪುಸ್ತಕವೂ ಬರೆದುಕೊಳ್ಳದು.

ಹಟ್ಟಿಯಿರುವ ಲಿಂಗಸುಗೂರು ಸೀಮೆಯ ಅಮರೇಶ್ವರವೇ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಊರೆಂದು ಪ್ರತೀತಿ. ನಿತ್ಯದ ಅಳತೆಗೆ ಮೀರಿ ಅಕ್ಕಿ ತಂದ ಪತಿಗೆ ಅದನ್ನು ಮರಳಿ ಸುರಿದು ಬರಹೇಳಿದವಳು ಲಕ್ಕಮ್ಮ. ಅಕ್ಕಿ ಆಯುವ ಬಡವನಿಗೆ ಅವಳು ಕೇಳಿದ ಪ್ರಶ್ನೆಯನ್ನು 48,000 ಪಣ ಪಡೆಯುವವನಿಗೂ ಕೇಳುವುದಾದರೆ, ಅಂತರದ ವಾದವು ಅರ್ಧ ಮುಗಿದಂತೆಯೇ ಸರಿ.