ಕಲ್ಲಿನಲ್ಲಿ ಉಳಿದ ಒಡವೆಗಳು

ಕಳೆದ ವರ್ಷ ನಮ್ಮ ಹೈಸ್ಕೂಲಿನ ಕಲಾ ಇತಿಹಾಸದ ತರಗತಿಯಲ್ಲಿ ಟೀಚರ್ ಪ್ರಾಚೀನ ಗ್ರೀಸಿನ ಒಡವೆಗಳ ಚಿತ್ರಗಳನ್ನು ತೋರಿಸಿದರು. ಚಿನ್ನದ ಎಲೆಗಳ ಕಿರೀಟ, ಕಿವಿಯೋಲೆ, ಬಳೆ. 1876ರಲ್ಲಿ ಹೈನ್ರಿಖ್ ಶ್ಲೀಮನ್ ಮೈಸೀನಿಯ ಗೋರಿಗಳನ್ನು ಅಗೆದಾಗ ಸಿಕ್ಕಿದ ಚಿನ್ನ ಸುಮಾರು 3,500 ವರ್ಷ ಹಳೆಯದು. ಅದನ್ನು ಇಂದಿಗೂ ಅಥೆನ್ಸಿನ ಮ್ಯೂಸಿಯಂನಲ್ಲಿ ನೋಡಬಹುದು. ಆಮೇಲೆ ನಮ್ಮ ನಮ್ಮ ಊರಿನ ಹಳೆಯ ಒಡವೆಗಳ ಬಗ್ಗೆ ಬರೆಯಲು ಹೇಳಿದರು.

ನಾನು ಹೊಯ್ಸಳರ ಕಾಲದ ಒಡವೆಗಳನ್ನು ಹುಡುಕಿದೆ. ದೇವಸ್ಥಾನಗಳ ಚಿತ್ರ ಬೇಕಾದಷ್ಟು ಸಿಕ್ಕಿತು, ಚಿನ್ನ ಮಾತ್ರ ಸಿಗಲಿಲ್ಲ. ಬೇಜಾರಾಗಿ ಹಾಸನದಲ್ಲಿರುವ ಅಜ್ಜಿಗೆ ಫೋನ್ ಮಾಡಿದೆ. ಅಜ್ಜಿ ನಕ್ಕರು. "ಚಿನ್ನವನ್ನು ಯಾರಾದ್ರೂ ಮಣ್ಣಿಗೆ ಹಾಕ್ತಾರೇನೇ ಪುಟ್ಟಿ? ಹಳೇದಾದ್ರೆ ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿ ಹೊಸದು ಮಾಡಿಸ್ತೀವಿ."

ನನಗೆ ಬೇಕಾದ ಉತ್ತರ ಅದರಲ್ಲೇ ಇತ್ತು. ಗ್ರೀಕರ ಒಡವೆಗಳಲ್ಲಿ ಎಷ್ಟೋ ಉಳಿದದ್ದು ಅವನ್ನು ಸತ್ತವರ ಜೊತೆ ಹೂಳುತ್ತಿದ್ದುದರಿಂದ. ನಮ್ಮಲ್ಲಿ ಒಡವೆ ಬದುಕಿರುವವರಿಗೆ ಸೇರಿದ್ದು. ಅಮ್ಮನಿಂದ ಮಗಳಿಗೆ ಬರುತ್ತದೆ, ಕರಗುತ್ತದೆ, ರೂಪ ಬದಲಾಯಿಸುತ್ತದೆ. ಹಾಗಾದರೆ ಅದರ ಹಳೆಯ ರೂಪವನ್ನು ಎಲ್ಲಿ ನೋಡುವುದು? "ಬೇಲೂರಿಗೆ ಬಾ" ಎಂದರು ಅಜ್ಜಿ.

ಬೇಸಿಗೆ ರಜೆಯಲ್ಲಿ ಹೋದೆವು. ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. ಅಲ್ಲಿರುವ 42 ಮದನಿಕೆಯರ ಮೈಮೇಲೆ ಒಡವೆಗಳ ಅಂಗಡಿಯೇ ಇದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಒಳಗಿನ ಒಂದು ಮದನಿಕೆಯ ಕೈಬಳೆ ಅಲುಗಾಡುವಂತಿದೆ! ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರನ್ನೂ ಕೆತ್ತಿದ್ದಾರೆ. ಅಜ್ಜಿ ಕತ್ತೆತ್ತಿ ಒಂದೊಂದನ್ನೇ ತೋರಿಸುತ್ತಾ ಹೋದರು. "ತೋಳಿನಲ್ಲಿರೋದು ವಂಕಿ. ಸೊಂಟದಲ್ಲಿರೋದು ಡಾಬು. ಇಂಥದ್ದು ನಮ್ಮಮ್ಮನಿಗೂ ಇತ್ತು." ನಾನು ಎಲ್ಲವನ್ನೂ ಬರೆದುಕೊಂಡೆ.

ಆದರೆ ಕಲ್ಲಿನ ಹೆಂಗಸರು ತಮ್ಮ ಒಡವೆಯನ್ನು ಯಾರಿಗೂ ಕೊಡಲಾರರು. ನಿಜವಾದ ಹೆಂಗಸರು ತಮ್ಮ ಸಂಪತ್ತನ್ನು ಏನು ಮಾಡಿದರು ಎಂದು ಆಮೇಲೆ ಓದಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ, ಪೊನ್ನ ಕವಿಯ 'ಶಾಂತಿಪುರಾಣ'ದ 1,000 ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚುಯಂತ್ರ ಇಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೆಯಬೇಕಿತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕಥೆಗಾರ್ತಿ ಕೊಡಗಿನ ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಆಗ ಅವರಿಗೆ ನನಗಿಂತ ಐದೇ ವರ್ಷ ಹೆಚ್ಚು ವಯಸ್ಸು.

ಬೇಲೂರಿನಿಂದ ವಾಪಸ್ ಬರುವಾಗ ಕಾರಿನಲ್ಲಿ ಅಜ್ಜಿಯನ್ನು ಕೇಳಿದೆ. "ಅಜ್ಜಿ, ಮದುವೆ ಫೋಟೋದಲ್ಲಿ ನೀವು ಹಾಕಿಕೊಂಡಿರೋ ಕಾಸಿನ ಸರ ಎಲ್ಲಿದೆ? ನಾನು ಒಂದು ಸಲ ಹಾಕಿ ನೋಡಬೇಕು."

"ಅದು ನಿಮ್ಮಪ್ಪನ ಕಾಲೇಜು ಫೀಸಾಯ್ತು" ಎಂದರು, ಕಿಟಕಿಯ ಆಚೆ ನೋಡುತ್ತಾ. ಅಷ್ಟೇ.

ಸನಿವೇಲಿಗೆ ಬಂದ ಮೇಲೆ ಅಪ್ಪನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಾಲ ತಂದೆ ಅಂತ ನನಗೆ ಹೇಳಿದ್ದರು" ಎಂದರು. ಆ ರಾತ್ರಿ ಅವರು ಅಜ್ಜಿಯ ಜೊತೆ ತುಂಬಾ ಹೊತ್ತು ಫೋನಿನಲ್ಲಿ ಮಾತಾಡಿದರು.

ನಮ್ಮ ಒಡವೆಗಳು ಯಾಕೆ ಮ್ಯೂಸಿಯಂನಲ್ಲಿ ಕಾಣುವುದಿಲ್ಲ ಎಂದು ನಾನು ಈಗ ಕೇಳುವುದಿಲ್ಲ. ಅಜ್ಜಿಯ ಸರ ಮೊದಲು ಅಪ್ಪನ ಓದಾಯಿತು, ಆಮೇಲೆ ಈ ದೇಶದಲ್ಲಿ ನಮ್ಮ ಮನೆಯಾಯಿತು. ನಾನು ಅದನ್ನು ಕೊರಳಿಗೆ ಹಾಕಿಕೊಳ್ಳಲಾರೆ. ಆದರೆ ಅಜ್ಜಿ ಹೇಳಿದ ಹೆಸರುಗಳು ನನ್ನ ಪುಸ್ತಕದಲ್ಲಿವೆ. ಅವನ್ನು ಕೇಳಿ, ಅರ್ಥಮಾಡಿಕೊಂಡು, ಕನ್ನಡದಲ್ಲೇ ಬರೆದುಕೊಳ್ಳುವಂತೆ ಮಾಡಿದ ನನ್ನ ಶಿಕ್ಷಕರಿಗೆ, ವಾರ ವಾರವೂ ತಪ್ಪದೆ ತರಗತಿಗೆ ಕರೆತಂದ ಅಪ್ಪ ಅಮ್ಮನಿಗೆ ನನ್ನ ಕೃತಜ್ಞತೆಗಳು. ನಿಮ್ಮ ಮನೆಯ ಹಳೆಯ ಮದುವೆ ಫೋಟೋಗಳಲ್ಲಿರುವ ಒಡವೆಗಳ ಹೆಸರನ್ನು ಹಿರಿಯರಿಂದ ಕೇಳಿ, ಮಕ್ಕಳಿಗೆ ಹೇಳಿ. ಅವು ಎಲ್ಲಿಗೆ ಹೋದವು ಎಂಬುದನ್ನೂ ಹೇಳಿ.