‘ನಿತ್ಯೋತ್ಸವ’ ಧ್ವನಿಸುರುಳಿ: ಒಂದು ಪುನರ್ವಿಮರ್ಶೆ

ಚರಿತ್ರೆಯ ಆಧಾರಗಳೆಂದೊಡನೆ ಶಾಸನ, ನಾಣ್ಯ, ಕಡತ, ಪ್ರವಾಸಕಥನಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧವನ್ನು ಅಭ್ಯಸಿಸುವವರಿಗೆ ಇವಿಷ್ಟೇ ಸಾಲವು. ಜನರು ದಿನವೂ ಏನನ್ನು ಕೇಳಿದರು, ಏನನ್ನು ಗುನುಗಿದರು ಎಂಬುದೂ ಆಧಾರವೇ ಸರಿ. ಈ ದೃಷ್ಟಿಯಿಂದ, 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ಈ ಕೃತಿಯು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಗಿದೆ.

ಇಷ್ಟು ಹೆಸರಾದುದಕ್ಕೆ ಪುನರ್ವಿಮರ್ಶೆ ಏತಕ್ಕೆಂದು ವಾಚಕರು ಕೇಳಬಹುದು. ಪ್ರಸಿದ್ಧಿ ಬೇರೆ, ಬೆಲೆಯರಿಯುವುದು ಬೇರೆ. ಜೋಗವನ್ನು ನೆನೆಯುವ ಶೀರ್ಷಿಕೆಗೀತೆಯು ರಾಜ್ಯೋತ್ಸವದ ವೇದಿಕೆಗಳಲ್ಲಿ ನೆಲೆಗೊಂಡಿತು. ಅದನ್ನು ಹೊತ್ತುತಂದ ಸುರುಳಿಯು ಮಾತ್ರ ಆ ಗೀತೆಯ ನೆರಳಿನಲ್ಲಿಯೇ ಉಳಿಯಿತು. ನವ್ಯಕಾವ್ಯದ ಅಭಿಮಾನಿಗಳಲ್ಲಿ ಕೆಲವರಿಗೆ ಇದು ವ್ಯಂಗ್ಯದ ಮೊನಚನ್ನು ಬಿಟ್ಟ ಕವಿಯ ಸರಳ ಸ್ತುತಿಯಾಗಿ ತೋರಿತು; ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳಿಗೆ ‘ಸುಗಮ’ವೆಂಬ ಹೆಸರೇ ಅಸಡ್ಡೆಗೆ ಕಾರಣವಾಯಿತು. ಚರಿತ್ರಕಾರರಾದ ನಾವಂತೂ ಇದರತ್ತ ತಿರುಗಿ ನೋಡಲಿಲ್ಲ.

ಇಂತಹ ಅವಗಣನೆ ನಮ್ಮಲ್ಲಿ ಮಾತ್ರ ನಡೆದುದಲ್ಲ. ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ಎಂಬ ರಾಕ್ ವಾದ್ಯವೃಂದವು 1970ರಲ್ಲಿ ತನ್ನ ಮೂರನೆಯ ಸಂಪುಟವನ್ನು ಹೊರತಂದಿತು. ಮೊದಲೆರಡು ಸಂಪುಟಗಳ ವಿದ್ಯುತ್ ಗಿಟಾರಿನ ಅಬ್ಬರವನ್ನೇ ನಿರೀಕ್ಷಿಸಿದವರಿಗೆ ಅದರಲ್ಲಿದ್ದ ಮೆಲುದನಿಯ ಗೀತೆಗಳು ಸೋಲಿನಂತೆ ಕಂಡವು. ಅದರ ಗುಣವನ್ನು ಮನಗಾಣಲು ವರ್ಷಗಳೇ ಹಿಡಿದವು. ಮುಂಚೆ ಕೇಳಿದುದನ್ನೇ ಮತ್ತೆ ಕೇಳಬಯಸುವ ಕಿವಿಯು ಹೊಸದನ್ನು ಅಳೆಯಲಾರದೆಂಬುದಕ್ಕೆ ಇದು ನಿದರ್ಶನ. 1960ರ ‘ಮನಸು ಗಾಂಧಿ ಬಜಾರು’ವಿನ ಕವಿಯನ್ನೇ 1976ರ ‘ನಿತ್ಯೋತ್ಸವ’ ಸಂಕಲನದಲ್ಲಿಯೂ ಹುಡುಕಿದವರು ಇದೇ ತಪ್ಪನ್ನು ಮಾಡಿದರೆಂದು ನಮಗೆ ತೋರುತ್ತದೆ.

ಮೊದಲು ಮಾಧ್ಯಮವನ್ನು ಗಮನಿಸೋಣ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಪಿ. ಕಾಳಿಂಗರಾಯರ ಕಾಲದ ಗಾಯಕರು ಆ ಮಿತಿಯೊಳಗೇ ಕವಿತೆಯನ್ನು ಜನರ ಬಳಿಗೆ ಒಯ್ದರು. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟಿನಲ್ಲಾದರೋ ಮಗ್ಗುಲಿಗೆ ಅರ್ಧ ಗಂಟೆಯ ಅವಕಾಶವಿತ್ತು. ಒಬ್ಬನೇ ಕವಿಯ ಕವಿತೆಗಳನ್ನು ಒಟ್ಟಾಗಿ ಕೇಳಿಸುವುದು ಅಗ್ಗದ ಬೆಲೆಗೆ ಸಾಧ್ಯವಾಯಿತು. ಅಂದರೆ ಕವನಸಂಕಲನವೇ ಮನೆಯೊಳಗೆ ಹಾಡತೊಡಗಿತು. ಮುಂದಿನ ದಶಕದಲ್ಲಿ ಭಾವಗೀತೆಯ ಕ್ಯಾಸೆಟ್ಟುಗಳು ಕನ್ನಡದಲ್ಲಿ ಹಬ್ಬಿದುದಕ್ಕೆ ದಾರಿ ತೆರೆದ ಶ್ರೇಯಸ್ಸು ಈ ಸುರುಳಿಗೆ ಸಲ್ಲಬೇಕು.

ಎರಡನೆಯದಾಗಿ ಶೀರ್ಷಿಕೆಗೀತೆಯ ರಚನೆ. ಅದು ನಿಸರ್ಗದಿಂದ ಆರಂಭವಾಗಿ, ಸಿಂಹಾಸನ, ಓಲೆಗರಿ, ದೇಗುಲದ ಗೋಡೆಗಳ ಮೂಲಕ ಚರಿತ್ರೆಯನ್ನು ಹಾದು, ಕುಲಭೇದವನ್ನೆಣಿಸದ ಔದಾರ್ಯದಲ್ಲಿ ಮುಗಿಯುತ್ತದೆ. ಈ ಅನುಕ್ರಮವು ಆಕಸ್ಮಿಕವಲ್ಲ. ರಾಜವಂಶಗಳಿಂದ ನಾಡನ್ನು ಅಳೆಯುವ ರೂಢಿಗೆ ಪ್ರತಿಯಾಗಿ, ಕವಿಯು ನೆಲದಿಂದ ಮೊದಲುಮಾಡುತ್ತಾರೆ. ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರಾಗಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಸೇವೆ ಸಲ್ಲಿಸಿದವರು. ಸಹ್ಯಾದ್ರಿಯ ಅದಿರನ್ನೂ ಸ್ತುತಿಗೆ ವಸ್ತುವಾಗಿಸಿದುದು ಅವರ ವಿದ್ಯೆಯ ಫಲವೆನ್ನಬಹುದು. 1923ರಿಂದ ಕಬ್ಬಿಣ ತಯಾರಿಸಿದ ಭದ್ರಾವತಿಯ ಕಾರ್ಖಾನೆಯನ್ನು ಬಲ್ಲ ಈ ಸೀಮೆಯವರಿಗೆ ಅದು ಬರಿಯ ಅಲಂಕಾರವಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಹೊಸ ಹೆಸರಿಗೆ ಒಂದು ಭೂಪಟವನ್ನೂ ಒಂದು ನೀತಿಯನ್ನೂ ಈ ಗೀತೆ ಒದಗಿಸಿತು.

ಆದರೆ ಸ್ತುತಿಗೀತೆಯನ್ನು ಆಧಾರವಾಗಿ ಬಳಸುವಾಗ ಅದು ಹೇಳದುದನ್ನೂ ಕೇಳಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ತರುವಾಯ ಶರಾವತಿಯು ಹಳೆಯ ಶರಾವತಿಯಾಗಿ ಉಳಿಯಲಿಲ್ಲ. 253 ಮೀಟರ್ ಎತ್ತರದಿಂದ ಧುಮುಕುವ ಜೋಗದ ಪೂರ್ಣವೈಭವವು ಬಹುಮಟ್ಟಿಗೆ ಮಳೆಗಾಲಕ್ಕೆ ಸೀಮಿತವಾಯಿತು. ಹಿನ್ನೀರಿನಲ್ಲಿ ಊರುಮನೆಗಳನ್ನು ಕಳೆದುಕೊಂಡ ಸಾವಿರಾರು ಕುಟುಂಬಗಳು ಚದುರಿಹೋದವು. ನಾವು ವಾಸಿಸುವ ಆಲ್ಕೊಳವು ಶಿವಮೊಗ್ಗದಿಂದ ಸಾಗರಕ್ಕೆ, ಅಲ್ಲಿಂದ ಜೋಗಕ್ಕೆ ಹೋಗುವ ರಸ್ತೆಯ ಮೇಲಿದೆ. ಜಲಪಾತವನ್ನು ನೋಡಹೋಗುವವರು ಹಾದುಹೋಗುವ ಈ ದಾರಿಯ ಆಚೆಕೊನೆಯಲ್ಲಿ ಮುಳುಗಡೆಯ ಊರುಗಳೂ ಇದ್ದವು. ಜೋಗವನ್ನು ನಾಡೆಲ್ಲ ಹಾಡಿದ ಕಾಲದಲ್ಲಿಯೇ ಆ ಜನರ ಮಾತಿಗೆ ಕೇಳುಗರು ವಿರಳವಾಗಿದ್ದರು. ಇದು ಕವಿಯ ಮೇಲಣ ಆಕ್ಷೇಪವಲ್ಲ. ಗೀತೆಯೊಂದನ್ನೇ ಕೇಳಿ ತೃಪ್ತರಾದ ನಮ್ಮ ಮೇಲಣ ಆಕ್ಷೇಪ. ಕುಲವನ್ನೆಣಿಸದ ಔದಾರ್ಯವೇ ಆ ಗೀತೆಯ ಕೊನೆಯ ಮಾತಾದಮೇಲೆ, ಈ ಪ್ರಶ್ನೆಯನ್ನೆತ್ತಲು ಅದೇ ನಮಗೆ ಅಧಿಕಾರ ಕೊಡುತ್ತದೆ.

2006ರಲ್ಲಿ ಶಿವಮೊಗ್ಗದಲ್ಲಿ ನೆರೆದ 73ನೆಯ ಸಾಹಿತ್ಯ ಸಮ್ಮೇಳನಕ್ಕೆ ನಿಸಾರ್ ಅಹಮದರೇ ಅಧ್ಯಕ್ಷರಾಗಿದ್ದರು. ಅನಂತಸ್ವಾಮಿಯವರು 1995ರಲ್ಲಿ, ಕವಿಯು 2020ರಲ್ಲಿ ಕಾಲವಾದರು. ಮಲೆನಾಡಿನ ತೇವಕ್ಕೆ ಹಳೆಯ ಸುರುಳಿಗಳು ಬೂಷ್ಟು ಹಿಡಿಯುತ್ತಿವೆ. ಗೀತೆಯು ಬೇರೆ ರೂಪಗಳಲ್ಲಿ ಉಳಿದೀತು. ಆದರೆ ಅದು ಯಾವ ಗೀತೆಗಳ ನಡುವೆ, ಯಾವ ಕ್ರಮದಲ್ಲಿ ಮನೆಯನ್ನು ಪ್ರವೇಶಿಸಿತೆಂಬುದನ್ನು ಸುರುಳಿಯೇ ಹೇಳಬೇಕು. ಆದುದರಿಂದ ಧ್ವನಿಸುರುಳಿಗಳನ್ನು ಕಡತಗಳಂತೆ ಸಂಗ್ರಹಿಸಿ ಕಾಪಾಡುವುದು, ಅವುಗಳ ಪಕ್ಕದಲ್ಲಿ ಮುಳುಗಡೆಯ ಹಿರಿಯರ ಮಾತನ್ನೂ ಧ್ವನಿಮುದ್ರಿಸಿ ಇಡುವುದು, ಈ ಸೀಮೆಯ ಇತಿಹಾಸ ವಿಭಾಗಗಳ ಮೊದಲ ಕರ್ತವ್ಯಗಳಲ್ಲೊಂದು ಎಂಬುದು ನಮ್ಮ ಅಭಿಪ್ರಾಯ.