ಕಬ್ಬಿಣಾಂಶ, ರಕ್ತಹೀನತೆ ಮತ್ತು ಹೃದಯ

ಕಬ್ಬಿಣಾಂಶ: ದೇಹಕ್ಕೆ ಅತ್ಯಗತ್ಯವಾದ ಖನಿಜ. ವಯಸ್ಕರ ದೇಹದಲ್ಲಿ ಸುಮಾರು 3-4 ಗ್ರಾಂ ಇರುತ್ತದೆ. ಇದರ ಬಹುಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದ್ದು, ಆಮ್ಲಜನಕವನ್ನು ಅಂಗಾಂಗಗಳಿಗೆ ಒಯ್ಯಲು ನೆರವಾಗುತ್ತದೆ.

ಹೃದಯದ ಮೇಲಿನ ಪರಿಣಾಮ: ಕಬ್ಬಿಣಾಂಶದ ಕೊರತೆಯಿಂದ ಹಿಮೋಗ್ಲೋಬಿನ್ ಇಳಿದಾಗ (ರಕ್ತಹೀನತೆ) ಆಮ್ಲಜನಕದ ಕೊರತೆ ತುಂಬಲು ಹೃದಯ ಹೆಚ್ಚು ವೇಗವಾಗಿ ಬಡಿಯುತ್ತದೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು, ಎದೆಬಡಿತ. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಭಾಗ ಬಿಳಿಚಿಕೊಂಡಿರುತ್ತದೆ. ತೀವ್ರ ರಕ್ತಹೀನತೆ ಬಹುಕಾಲ ಉಳಿದರೆ ಹೃದಯ ಹಿಗ್ಗಿ, ವೈಫಲ್ಯಕ್ಕೂ ಒಳಗಾಗಬಹುದು. ಹೃದಯದ ಸ್ನಾಯುಗಳು ಶಕ್ತಿ ಉತ್ಪಾದಿಸಲೂ ಕಬ್ಬಿಣಾಂಶ ಬೇಕು. ಆದ್ದರಿಂದ ಹೃದಯ ವೈಫಲ್ಯವುಳ್ಳವರಲ್ಲಿ ರಕ್ತಹೀನತೆ ಇಲ್ಲದಿದ್ದರೂ ಕಬ್ಬಿಣಾಂಶದ ಕೊರತೆ ಹಾನಿಕರ.

ಪತ್ತೆ: ಹಿಮೋಗ್ಲೋಬಿನ್ ಪ್ರಮಾಣ ಡೆಸಿಲೀಟರಿಗೆ ಪುರುಷರಲ್ಲಿ 13, ಮಹಿಳೆಯರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ. ಕಬ್ಬಿಣಾಂಶದ ದಾಸ್ತಾನನ್ನು ಫೆರಿಟಿನ್ ಪರೀಕ್ಷೆ ತಿಳಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15-49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿತ್ತು.

ಚಿಕಿತ್ಸೆ: ಮೊದಲು ಕಾರಣ ತಿಳಿಯಬೇಕು: ಅತಿಯಾದ ಮುಟ್ಟಿನ ಸ್ರಾವ, ಕೊಕ್ಕೆಹುಳು, ಕರುಳಿನ ರಕ್ತಸ್ರಾವ, ಅಪೌಷ್ಟಿಕತೆ. ಸಾಮಾನ್ಯವಾಗಿ ಕಬ್ಬಿಣಾಂಶದ ಮಾತ್ರೆ ಸಾಕು. ಮಲ ಕಪ್ಪಾದರೆ ಅದು ಸಾಮಾನ್ಯವಾಗಿ ಮಾತ್ರೆಯ ಪರಿಣಾಮ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಕೆಲವು ತಿಂಗಳು ಮುಂದುವರಿಸಬೇಕು. ಹೃದಯ ವೈಫಲ್ಯದಲ್ಲಿ ಮಾತ್ರೆಗಿಂತ ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಪರಿಣಾಮಕಾರಿ.

ಆಹಾರ: ಮಾಂಸ, ಮೀನು, ಹುರುಳಿ, ಸೊಪ್ಪು ಉಪಯುಕ್ತ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗಿನ ಚಹಾ, ಕಾಫಿ ಅದನ್ನು ತಗ್ಗಿಸುತ್ತವೆ.

ಎಚ್ಚರಿಕೆ: ಮಿತಿಮೀರಿದ ಕಬ್ಬಿಣಾಂಶ ಹೃದಯದಲ್ಲೇ ಶೇಖರವಾಗಿ ಹಾನಿ ಮಾಡುತ್ತದೆ. ಪದೇ ಪದೇ ರಕ್ತ ಪಡೆಯುವ ಥಲಸ್ಸೀಮಿಯಾ (ಆನುವಂಶಿಕ ರಕ್ತರೋಗ) ರೋಗಿಗಳಿಗೆ ಈ ಅಪಾಯ ಹೆಚ್ಚು. ಪರೀಕ್ಷೆಯಿಲ್ಲದೆ ಸ್ವಯಂ ಚಿಕಿತ್ಸೆ ಸಲ್ಲದು.